ಘಟ್ಟದ ಬುಡದ ವಾರದ ಹವಾಮಾನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮೇ ತಿಂಗಳು ಹತ್ತಿರವಾದಂತೆ ಮುಂದಿನ ಏಳು ದಿನಗಳ ಮುನ್ಸೂಚನೆಯ ಬಗ್ಗೆ ಪತ್ರಗಳು ಹೆಚ್ಚಾಗುತ್ತವೆ. ಈ ಬಾರಿಯವು ಹೆಚ್ಚಾಗಿ ಕಡಲ ತಡಿಯವಲ್ಲ. ಪುತ್ತೂರು, ಸುಳ್ಯ, ಬೆಳ್ತಂಗಡಿ, ಕಾರ್ಕಳ, ಹೆಬ್ರಿ ಕಡೆಯವು. ಮಂಗಳೂರು, ಉಡುಪಿಗೆಂದು ಹೇಳಿದ ಹವಾಮಾನ ಈ ಬೈಲುಗಳಿಗೆ ಹಾಗೆಯೇ ಒಗ್ಗುವುದಿಲ್ಲ. ಹಾಗಾಗಿ ಉತ್ತರಗಳನ್ನು ಘಟ್ಟದ ಬುಡಕ್ಕೆ ಹೊಂದಿಸಿ ಕೊಟ್ಟಿದ್ದೇವೆ.

ಟಿ.ವಿ.ಯಲ್ಲಿ ಮಂಗಳೂರು 34 ಡಿಗ್ರಿ ಎನ್ನುತ್ತಾರೆ. ನಮ್ಮ ಜಗಲಿಯ ಥರ್ಮಾಮೀಟರ್ 38–39 ತೋರಿಸುತ್ತದೆ. ಯಾವುದನ್ನು ನಂಬಬೇಕು?
— ಓದುಗರು, ಪುತ್ತೂರು

ಥರ್ಮಾಮೀಟರ್ ತೂಗುಹಾಕಿದ ಜಾಗ ಸರಿಯಿದ್ದರೆ ಎರಡನ್ನೂ ನಂಬಬಹುದು. ಮಂಗಳೂರಿನ ಅಂಕಿ ಬರುವುದು ಬಜ್ಪೆ ಮತ್ತು ಪಣಂಬೂರಿನ ವೀಕ್ಷಣಾಲಯಗಳಿಂದ. ಪಣಂಬೂರು ಸಮುದ್ರಕ್ಕೆ ತಾಗಿಕೊಂಡೇ ಇದೆ. ಮಧ್ಯಾಹ್ನಕ್ಕೆ ಮೊದಲೇ ಕಡಲಗಾಳಿ ಬೀಸತೊಡಗಿದರೆ ಅಲ್ಲಿ ಉಷ್ಣಾಂಶ ಮತ್ತೆ ಏರುವುದಿಲ್ಲ. ಅದೇ ಗಾಳಿ ಪುತ್ತೂರಿಗೆ ಬರುವಾಗ ಮಧ್ಯಾಹ್ನ ಕಳೆದಿರುತ್ತದೆ, ದಾರಿಯುದ್ದಕ್ಕೂ ಕಾದ ನೆಲದ ಮೇಲೆ ಹಾದು ತಂಪನ್ನೂ ಕಳೆದುಕೊಂಡಿರುತ್ತದೆ.

ಇನ್ನೊಂದು ಕಾರಣ ಪೂರ್ವದಿಂದ ಬರುತ್ತದೆ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಬೆಳಗ್ಗಿನ ಹೊತ್ತು ಗಾಳಿ ಘಟ್ಟದ ಮೇಲಿನಿಂದ ಕೆಳಗಿಳಿಯುತ್ತದೆ. ಒಣಗಾಳಿ 100 ಮೀಟರ್ ಇಳಿದಾಗ ಸುಮಾರು 1 ಡಿಗ್ರಿ ಬಿಸಿಯಾಗುತ್ತದೆ. 900 ಮೀಟರ್ ಎತ್ತರದ ಮಲೆನಾಡಿನಿಂದ 100 ಮೀಟರಿನ ಬೈಲಿಗೆ ಇಳಿದ ಗಾಳಿಗೆ, ಬಿಸಿಲಿನ ಲೆಕ್ಕ ಬಿಟ್ಟೇ, 8 ಡಿಗ್ರಿಯಷ್ಟು ಕಾವು ಸೇರಿರುತ್ತದೆ. ಈ ಪೂರ್ವದ ಗಾಳಿ ಜೋರಾಗಿ ಕಡಲಗಾಳಿಯನ್ನು ತಡೆದು ನಿಲ್ಲಿಸಿದ ದಿನ ಮಂಗಳೂರೂ 37 ದಾಟುವುದುಂಟು. ವಾರದ ಮುನ್ಸೂಚನೆಯಲ್ಲಿ ಬೆಳಗ್ಗಿನ ಗಾಳಿ ಪೂರ್ವದಿಂದ, ವೇಗ ಹೆಚ್ಚು ಎಂದಿದ್ದರೆ ಅವತ್ತಿನ ಧಗೆಗೆ ಮೊದಲೇ ಸಿದ್ಧರಾಗಿ.

ಫೋನಿನ ಆ್ಯಪ್ ನಿಮ್ಮ ಊರಿಗೆ ಕಡಿಮೆ ಉಷ್ಣಾಂಶ ಹೇಳುವುದಕ್ಕೆ ಬೇರೆಯೇ ಕಾರಣವಿದೆ. ಕಂಪ್ಯೂಟರ್ ಮಾದರಿ ನೆಲವನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೂ ಒಂದೇ ಸರಾಸರಿ ಎತ್ತರ ಹಿಡಿಯುತ್ತದೆ. ಘಟ್ಟದ ಬುಡದ ಚೌಕದಲ್ಲಿ ಬೆಟ್ಟವೂ ಸೇರಿರುತ್ತದೆ. ಆ ಸರಾಸರಿ ನಿಮ್ಮ ಬೈಲಿಗಿಂತ 300 ಮೀಟರ್ ಮೇಲಿದ್ದರೆ, 100 ಮೀಟರಿಗೆ 0.65 ಡಿಗ್ರಿಯಂತೆ, ಆ್ಯಪ್ ಸುಮಾರು 2 ಡಿಗ್ರಿ ಕಡಿಮೆ ತೋರಿಸುತ್ತದೆ. ಎರಡು ವಾರ ಆ್ಯಪಿನ ಗರಿಷ್ಠವನ್ನೂ ನಿಮ್ಮ ಥರ್ಮಾಮೀಟರಿನ ಗರಿಷ್ಠವನ್ನೂ ಕ್ಯಾಲೆಂಡರಿನ ಮೇಲೆ ಬರೆದಿಡಿ. ವ್ಯತ್ಯಾಸ ಹೆಚ್ಚುಕಡಿಮೆ ಒಂದೇ ಬರುತ್ತಿದ್ದರೆ ಮುಂದೆ ಅಷ್ಟನ್ನು ಕೂಡಿಸಿ ಓದಿದರಾಯಿತು. ಥರ್ಮಾಮೀಟರ್ ನೆಲದಿಂದ ನಾಲ್ಕೈದು ಅಡಿ ಮೇಲೆ, ಬಿಸಿಲು ಬೀಳದ, ಗಾಳಿಯಾಡುವ ಜಾಗದಲ್ಲಿರಲಿ. ಶೀಟಿನ ಮಾಡಿನ ಕೆಳಗೆ, ಪಡುಗೋಡೆಯ ಮೇಲೆ ಅಥವಾ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕಂಡ 42ನ್ನು ವಾಟ್ಸ್ಆ್ಯಪಿಗೆ ಹಾಕಬೇಡಿ.

ಅಂಕಿ ಹೆಚ್ಚಿದ್ದಲ್ಲಿ ಮೈಗೆ ಕಷ್ಟವೂ ಹೆಚ್ಚು ಎಂದೇನಿಲ್ಲ. ತೇವ 30% ಇದ್ದಾಗಿನ 38 ಡಿಗ್ರಿ ಮೈಗೆ 39ರಷ್ಟು ಅನಿಸಿದರೆ, ತೇವ 60% ಇದ್ದಾಗಿನ 34 ಡಿಗ್ರಿ 42ರಷ್ಟು ಅನಿಸುತ್ತದೆ. ಪುತ್ತೂರಿನವರ ಧಗೆ, ಮಂಗಳೂರಿನವರ ಸೆಕೆ ಎರಡೂ ಸುಳ್ಳಲ್ಲ. ಕರಾವಳಿಯ ಕೇಂದ್ರಗಳಿಗೆ ಹವಾಮಾನ ಇಲಾಖೆ ಬಿಸಿಗಾಳಿ ಘೋಷಿಸಬೇಕಾದರೆ ಗರಿಷ್ಠ ಉಷ್ಣಾಂಶ ಕನಿಷ್ಠ 37 ಡಿಗ್ರಿ ಇರಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಮೇಲಿರಬೇಕು. ಬಯಲುಸೀಮೆಗೆ ಇರುವ 40ರ ಮಿತಿ ಇಲ್ಲಿಗಲ್ಲ.

ಆ್ಯಪಿನಲ್ಲಿ ಏಳು ದಿನವೂ ಮಳೆಯ ಚಿತ್ರ, 60% ಎಂದು ಇರುತ್ತದೆ. ನಾಲ್ಕು ದಿನ ಕಾದರೂ ಒಂದು ಹನಿ ಬೀಳುವುದಿಲ್ಲ. ಸುಬ್ರಹ್ಮಣ್ಯದಲ್ಲಿ ತೋಡು ತುಂಬಿ ಹರಿದಿರುತ್ತದೆ. ಇಂಥದನ್ನು ನೋಡಿ ಕೆಲಸ ಇಟ್ಟುಕೊಳ್ಳುವುದು ಹೇಗೆ?
— ಓದುಗರು, ಸುಳ್ಯ

ಮೊದಲು 60%. ಅದು ದಿನದ 60 ಪಾಲು ಹೊತ್ತು ಮಳೆ ಎಂದಲ್ಲ, 60 ಮಿ.ಮೀ. ಎಂದಂತೂ ಅಲ್ಲ. ಇಂಥ ಸ್ಥಿತಿಯಿರುವ ಹತ್ತು ದಿನಗಳಲ್ಲಿ ಆರು ದಿನ ಆ ಜಾಗದಲ್ಲಿ ಮಳೆ ಬರುತ್ತದೆ, ನಾಲ್ಕು ದಿನ ಬರುವುದಿಲ್ಲ ಎಂದು ಅದರ ಅರ್ಥ. ಒಂದು ಮಿ.ಮೀ. ತುಂತುರು ಬಿದ್ದರೂ ಅದು ಮಳೆಯೇ. ದಿನದ ಚಿತ್ರವನ್ನು ಬಿಟ್ಟು ಗಂಟೆವಾರು ಪಟ್ಟಿ ತೆರೆಯಿರಿ. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮಲ್ಲಿ ಮಳೆ ಬಂದರೆ ಹೆಚ್ಚಾಗಿ ಸಂಜೆ ಮೂರರಿಂದ ಎಂಟರ ನಡುವಿನ ಒಂದೆರಡು ಗಂಟೆ. ಆ ಎರಡು ಗಂಟೆಗಾಗಿ ಆ್ಯಪ್ ಇಡೀ ದಿನಕ್ಕೇ ಮೋಡದ ಮುದ್ರೆ ಒತ್ತಿಬಿಡುತ್ತದೆ.

ಇನ್ನು ಸುಬ್ರಹ್ಮಣ್ಯಕ್ಕೆ ಸಿಕ್ಕಿದ್ದು ಸುಳ್ಯಕ್ಕೆ ಏಕಿಲ್ಲ ಎಂಬುದು. ಗುಡುಗು ಮಳೆಯ ಒಂದೊಂದು ಮೋಡದ ಅಗಲ ಐದಾರು ಕಿಲೋಮೀಟರ್, ಹೆಚ್ಚೆಂದರೆ ಹತ್ತು. ಜಗತ್ತಿನ ದೊಡ್ಡ ಮಾದರಿಗಳ ಚೌಕ ಸುಮಾರು 9ರಿಂದ 25 ಕಿ.ಮೀ.; ನಮ್ಮ ಹವಾಮಾನ ಇಲಾಖೆಯದು 12 ಕಿ.ಮೀ. ಇತ್ತು, 2025ರ ಮೇ 26ರಂದು ಚಾಲನೆಗೆ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನದು 6 ಕಿ.ಮೀ. ಇಂಥ ಚೌಕದಿಂದ ಹೇಳಬಹುದಾದದ್ದು 'ಈ ಭಾಗದಲ್ಲಿ ಇಂದು ಗುಡುಗುಮೋಡ ಕಟ್ಟುವ ವಾತಾವರಣವಿದೆ' ಎಂದಷ್ಟೇ. ಮೋಡ ಯಾರ ತೋಟದ ಮೇಲೆ ಒಡೆಯುತ್ತದೆ ಎಂಬುದು ಮೂರು ದಿನ ಮೊದಲು ಯಾರಿಗೂ ತಿಳಿಯುವುದಿಲ್ಲ. ಆ್ಯಪ್ ನಿಮ್ಮ ಊರಿನ ಹೆಸರು ತೋರಿಸಿದ ಮಾತ್ರಕ್ಕೆ ಅದಕ್ಕೆ ನಿಮ್ಮ ಊರು ಗೊತ್ತಿದೆ ಎಂದು ತಿಳಿಯಬೇಡಿ.

ಹಾಗಾಗಿ ಏಳು ದಿನಗಳನ್ನೂ ಒಂದೇ ನಂಬಿಕೆಯಿಂದ ಓದಬಾರದು. ಇಂದು, ನಾಳೆಗೆ ಮಳೆಯ ಹೊತ್ತು ಮತ್ತು ಪ್ರದೇಶ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮೂರರಿಂದ ಐದನೆಯ ದಿನದವರೆಗೆ ಉಷ್ಣಾಂಶ, ಗಾಳಿಯ ದಿಕ್ಕು, 'ಒದ್ದೆ ದಿನಗಳೋ ಒಣ ದಿನಗಳೋ' ಎಂಬಷ್ಟು ಸಾಕು. ಆರು, ಏಳನೆಯ ದಿನದ ಮಿಲಿಮೀಟರ್ ಅಂಕಿಯ ಮೇಲೆ ಒಂದಾಳು ಕೂಲಿಯನ್ನೂ ನಿಗದಿ ಮಾಡಬೇಡಿ. ಮಳೆ ಹೆಚ್ಚುವುದೋ ಇಳಿಯುವುದೋ ಎಂಬ ಒಲವಷ್ಟೇ ಅಲ್ಲಿ ನೋಡತಕ್ಕದ್ದು.

ದೂರದ ದಿನದ ಮಳೆಯನ್ನು ಒರೆಗೆ ಹಚ್ಚಲು ಒಂದು ಉಪಾಯವಿದೆ. ಮಾದರಿಗಳ ಮುಖ್ಯ ಓಟ ದಿನಕ್ಕೆರಡು, ಭಾರತೀಯ ಕಾಲಮಾನ ಬೆಳಗ್ಗೆ 5.30 ಮತ್ತು ಸಂಜೆ 5.30ರ ವೀಕ್ಷಣೆಗಳಿಂದ. ಅದರ ಫಲ ಆ್ಯಪಿಗೆ ಇಳಿಯುವಾಗ ಕೆಲವು ಗಂಟೆ ಕಳೆಯುತ್ತದೆ. ಮಧ್ಯಾಹ್ನ ಒಮ್ಮೆ, ಮರುದಿನ ಬೆಳಗ್ಗೆ ಒಮ್ಮೆ, ಮತ್ತೆ ಮಧ್ಯಾಹ್ನ ಒಮ್ಮೆ ನೋಡಿ. ಗುರುವಾರದ ಮಳೆ ಮೂರು ಸಲವೂ ಗುರುವಾರದಲ್ಲೇ ನಿಂತಿದ್ದರೆ ಅದಕ್ಕೆ ತೂಕವಿದೆ. ಬುಧವಾರಕ್ಕೂ ಶನಿವಾರಕ್ಕೂ ಹಾರುತ್ತಿದ್ದರೆ ಮಾದರಿಗೇ ಇನ್ನೂ ನಿರ್ಧಾರವಾಗಿಲ್ಲ. ಅರ್ಧ ಗಂಟೆಗೊಮ್ಮೆ ಆ್ಯಪ್ ತೆರೆಯುವುದರಿಂದ ಹೊಸತೇನೂ ಸಿಗುವುದಿಲ್ಲ.

ಮುಂಗಾರುಪೂರ್ವ ಮಳೆಗೆ ನಾವು ಮುಖ್ಯವಾಗಿ ನೋಡುವುದು ಮೇಲಿನ ಗಾಳಿಯನ್ನು. ವಿಂಡಿಯಂಥ ಆ್ಯಪಿನಲ್ಲಿ ಗಾಳಿಯ ಎತ್ತರವನ್ನು 700 ಹೆಕ್ಟೋಪಾಸ್ಕಲ್‌ಗೆ, ಅಂದರೆ ಸುಮಾರು 3 ಕಿ.ಮೀ.ಗೆ ಇಡಿ. ಮಧ್ಯಾಹ್ನ ಕಡಲಗಾಳಿ ತಂದ ತೇವ ಘಟ್ಟದ ಮೈಗೆ ಬಡಿದು ಮೇಲೇರಿ ಅಲ್ಲಿ ಮೋಡ ಕಟ್ಟುತ್ತದೆ. ಆ ಮೋಡ ಎತ್ತ ಸಾಗಬೇಕು ಎಂದು ತೀರ್ಮಾನಿಸುವುದು ಈ ಮೇಲಿನ ಗಾಳಿ. ಅದು ಪೂರ್ವದಿಂದ ಬೀಸುತ್ತಿದ್ದರೆ ಮೋಡ ಸುಳ್ಯ, ಕಡಬ, ಬೆಳ್ತಂಗಡಿಯ ಕಡೆ ಇಳಿಯುತ್ತದೆ. ಪಶ್ಚಿಮದಿಂದಾದರೆ ಅದೇ ಮೋಡ ಸಕಲೇಶಪುರ, ಮೂಡಿಗೆರೆಯ ಕಡೆ ಹೋಗಿ ನಿಮಗೆ ದೂರದ ಗುಡುಗಷ್ಟೇ ಕೇಳಿಸುತ್ತದೆ. ಗಾಳಿಯೇ ಇಲ್ಲದಿದ್ದರೆ ಮೋಡ ಕಟ್ಟಿದಲ್ಲೇ ಸುರಿದು ಮುಗಿಯುತ್ತದೆ. ತೋಡುಗಳಲ್ಲಿ ಹಠಾತ್ತನೆ ನೀರು ಬರುವುದು ಇಂಥ ದಿನಗಳಲ್ಲಿ. ಮಳೆ ಮೇಲೆ ಬಿದ್ದಿರುತ್ತದೆ, ಕೆಳಗೆ ಬಟ್ಟೆ ಒಗೆಯುವವರಿಗೆ ಗೊತ್ತೇ ಇರುವುದಿಲ್ಲ.

ಆಯಾ ದಿನ ಮಧ್ಯಾಹ್ನ ಒಂದೂವರೆಯ ನಂತರ ಇನ್ಸಾಟ್ ಉಪಗ್ರಹದ ಚಿತ್ರ ನೋಡಿ. ಕುದುರೆಮುಖ, ಚಾರ್ಮಾಡಿ, ಶಿರಾಡಿ, ಬಿಸಿಲೆಯ ಸಾಲಿನ ಮೇಲೆ ಬಿಳಿ ಉಂಡೆಗಳು ಬೆಳೆಯುತ್ತಿದ್ದರೆ ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಗೆಂದು ಕೊಡುವ ಮುನ್ಸೂಚನೆಯ ಮೇಲೆ ಕಣ್ಣಿಡಿ. ಆ ಹೊತ್ತಿಗೆ ಏಳು ದಿನದ ಪಟ್ಟಿಗಿಂತ ಅದು ಎಷ್ಟೋ ಮೇಲು.

ಅಡಿಕೆಗೆ ಮೊದಲ ಬೋರ್ಡೋ ಸಿಂಪಡಣೆಗೆ ವಾರದ ಮುನ್ಸೂಚನೆ ನೋಡಿ ದಿನ ಆರಿಸುವುದು ಹೇಗೆ? ಕಳೆದ ವರ್ಷ ಹೊಡೆದ ದಿನವೇ ಮಳೆ ಬಂದು ತೊಳೆದುಹೋಯಿತು.
— ಓದುಗರು, ಕಾರ್ಕಳ

ಬೋರ್ಡೋ ಎಂದರೆ ಕೊಳೆರೋಗ ತಡೆಯಲು ಅಡಿಕೆ ಗೊನೆಗೆ ಹೊಡೆಯುವ ತುತ್ತು–ಸುಣ್ಣದ ದ್ರಾವಣ. ಅದರ ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮೊದಲು, ಮೇ ಕೊನೆಯ ವಾರದಿಂದ ಜೂನ್ ಆರಂಭದೊಳಗೆ ಮುಗಿಯಬೇಕು. ಆಗ ಏಳು ಒಣ ದಿನ ಸಿಗುವುದಿಲ್ಲ, ಅದರ ಅಗತ್ಯವೂ ಇಲ್ಲ. ಬೇಕಾದದ್ದು ದ್ರಾವಣ ಗೊನೆಯ ಮೇಲೆ ಒಣಗಿ ಅಂಟಿಕೊಳ್ಳಲು ಮೂರು–ನಾಲ್ಕು ಗಂಟೆಯ ಬಿಸಿಲು. ಮುಂಗಾರುಪೂರ್ವ ಮಳೆ ಸಂಜೆಯ ಮಳೆ ಎಂಬುದೇ ಇಲ್ಲಿ ನಿಮಗೆ ಅನುಕೂಲ. ಗಂಟೆವಾರು ಪಟ್ಟಿಯಲ್ಲಿ ಮಧ್ಯಾಹ್ನ ಎರಡರವರೆಗೆ ಒಣ ಎಂದಿರುವ ದಿನ ಆರಿಸಿ, ಗೊನೆಯ ಇಬ್ಬನಿ ಆರಿದ ಕೂಡಲೇ ಶುರುಮಾಡಿ ಹನ್ನೊಂದಕ್ಕೆ ನಿಲ್ಲಿಸಿ. ಗಾಳಿಯೂ ಆಗ ಕಡಿಮೆ. ಮಧ್ಯಾಹ್ನದ ಗಾಳಿಗೆ ಹೊಡೆದ ಮದ್ದಿನಲ್ಲಿ ಅರ್ಧ ಪಕ್ಕದವರ ತೋಟಕ್ಕೆ.

ತೊಳೆದುಹೋಗಲು ಮಳೆಯೊಂದೇ ಕಾರಣ ಆಗಿರಬೇಕೆಂದಿಲ್ಲ, ತಯಾರಿಯನ್ನೂ ನೋಡಿಕೊಳ್ಳಿ. ಶೇ. 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಒಳ್ಳೆಯ ಸುಣ್ಣ, 100 ಲೀಟರ್ ನೀರು. ತುತ್ತನ್ನು 50 ಲೀಟರಿನಲ್ಲಿ, ಸುಣ್ಣವನ್ನು 50 ಲೀಟರಿನಲ್ಲಿ, ಎರಡನ್ನೂ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಬೇರೆಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಿರಿ. ಸುಣ್ಣವನ್ನು ತುತ್ತಿಗೆ ಸುರಿದರೆ ಕಣ ದಪ್ಪವಾಗಿ ತಳ ಹಿಡಿಯುತ್ತದೆ. ಉಜ್ಜಿದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು; ಬಣ್ಣ ಕೂರದವರೆಗೆ ಸುಣ್ಣದ ತಿಳಿ ಸೇರಿಸಿ. ಗಾಳಿ ತಾಗಿ ಸತ್ವ ಹೋದ ಹಳೆ ಸುಣ್ಣ ಬಳಸಿದಾಗ ಹೀಗಾಗುವುದು ಹೆಚ್ಚು. ಹಾಗೆಯೇ ಹೊಡೆದರೆ ಎಳೆಕಾಯಿ ಸುಡುತ್ತದೆ. ಕಲಸಿದ್ದನ್ನು ಅವತ್ತೇ ಮುಗಿಸಬೇಕು. ಸಂಜೆ ಮಳೆ ಬಂದು ಉಳಿದ ದ್ರಾವಣವನ್ನು ಮರುದಿನ ಹೊಡೆದರೆ ಅದು ಗೊನೆಗೆ ಅಂಟುವುದೇ ಇಲ್ಲ. ಆದ್ದರಿಂದ ಮುನ್ಸೂಚನೆ ಅನುಮಾನವಾಗಿರುವ ದಿನ ಒಂದೊಂದೇ ಡ್ರಮ್ ಕಲಸಿ.

ಎರಡನೆಯದು 40–45 ದಿನಗಳ ನಂತರ, ಅಂದರೆ ಜುಲೈಯಲ್ಲಿ. ಆಗ ಬೆಳಗು–ಸಂಜೆಯ ಲೆಕ್ಕ ನಡೆಯುವುದಿಲ್ಲ, ಮುಂಗಾರಿಗೆ ಗಡಿಯಾರವಿಲ್ಲ. ವಿಂಡಿಯಲ್ಲಿ 850 ಹೆಕ್ಟೋಪಾಸ್ಕಲ್, ಅಂದರೆ ಸುಮಾರು ಒಂದೂವರೆ ಕಿ.ಮೀ. ಎತ್ತರದ ಪಶ್ಚಿಮದ ಗಾಳಿ ನೋಡಿ. ಅದು 25–30 ನಾಟ್ (ಗಂಟೆಗೆ ಸುಮಾರು 46–56 ಕಿ.ಮೀ.) ಇರುವಷ್ಟು ದಿನ ಘಟ್ಟದ ಬುಡದಲ್ಲಿ ಮಳೆ ಬಿಡುವುದು ಅಪರೂಪ. 15ರ ಕೆಳಗಿಳಿದು, ಕರಾವಳಿಯುದ್ದದ ದ್ರೋಣಿ (ಕಡಿಮೆ ಒತ್ತಡದ ಪಟ್ಟಿ) ದುರ್ಬಲವಾಗಿದೆ ಎಂದು ಇಲಾಖೆಯೂ ಹೇಳಿದರೆ ಎರಡು–ಮೂರು ದಿನದ ಹೊಳವು, ಅಂದರೆ ಮಳೆಯ ಬಿಡುವು, ಸಿಗುವ ಸಾಧ್ಯತೆ ಹೆಚ್ಚು. ಏಣಿ, ದೋಟಿ, ಆಳು ಎಲ್ಲವನ್ನೂ ಮೊದಲೇ ಹೇಳಿಟ್ಟುಕೊಂಡವರಿಗೆ ಮಾತ್ರ ಆ ಹೊಳವು ದಕ್ಕುತ್ತದೆ.

15 ಮಿ.ಮೀ. ಮಳೆಯಾಯಿತು ಎಂದು ಬಂತು. ತೋಟಕ್ಕೆ ನೀರು ನಿಲ್ಲಿಸಬಹುದೇ?
— ಓದುಗರು, ಬೆಳ್ತಂಗಡಿ

ಒಂದು ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. 2.7 ಮೀಟರ್ ಅಂತರದ ಅಡಿಕೆ ತೋಟದಲ್ಲಿ ಒಂದು ಮರದ ಪಾಲಿನ ನೆಲ 7.29 ಚದರ ಮೀಟರ್. 15 ಮಿ.ಮೀ.ಗೆ ಮರಕ್ಕೆ ಸುಮಾರು 109 ಲೀಟರ್ ಆಯಿತು. ಹನಿ ನೀರಾವರಿಯಲ್ಲಿ ಬೇಸಿಗೆಗೆ ಮರಕ್ಕೆ ದಿನಕ್ಕೆ 16–20 ಲೀಟರ್ ಎಂದು ಶಿಫಾರಸಿದೆ. ಕಾಗದದ ಮೇಲೆ ಆರು ದಿನ ನಿಲ್ಲಿಸಬಹುದು.

ತೋಟದಲ್ಲಿ ಹಾಗಾಗುವುದಿಲ್ಲ. ಸೋಗೆಗಳಲ್ಲಿ ಒಂದಿಷ್ಟು ನಿಂತು ಆರುತ್ತದೆ. ಅರ್ಧ ಗಂಟೆಯಲ್ಲಿ ರಭಸದಿಂದ ಸುರಿದ ಮಳೆಯಲ್ಲಿ ಒಳ್ಳೆಯ ಪಾಲು ಇಳಿಜಾರಿನಿಂದ ತೋಡಿಗೆ ಹೋಗುತ್ತದೆ. ಅರ್ಧ ಹಿಡಿದು ಮೂರು ದಿನ ನಿಲ್ಲಿಸಿ, ನಾಲ್ಕನೆಯ ದಿನ ಬುಡದಿಂದ ಎರಡಡಿ ದೂರದಲ್ಲಿ ಒಂದಡಿ ಅಗೆದು ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ನೋಡಿ. ಉಂಡೆ ನಿಂತರೆ ಇನ್ನೊಂದು ದಿನ ಕಾಯಿರಿ, ಪುಡಿಯಾದರೆ ಪಂಪ್ ಹಾಕಿ. 5 ಮಿ.ಮೀ.ಗಿಂತ ಕಡಿಮೆ ಮಳೆಯನ್ನು ಲೆಕ್ಕಕ್ಕೇ ಹಿಡಿಯಬೇಡಿ. ಅದು ಧೂಳು ತೊಳೆಯುವ ಮಳೆ.

ಆ 15 ಮಿ.ಮೀ. ಬಿದ್ದದ್ದು ನಿಮ್ಮ ತೋಟದಲ್ಲೋ ಪಂಚಾಯತಿಯ ಮಳೆಮಾಪಕದಲ್ಲೋ ಎಂಬುದು ಇನ್ನೂ ಮುಖ್ಯ. ಮನೆಯಲ್ಲೇ ಅಳೆಯಿರಿ. ಬಾಯಿಯ ಒಳವ್ಯಾಸ 16 ಸೆಂ.ಮೀ. ಇರುವ ಆಲಿಕೆಯ ಬಾಯಿಯ ವಿಸ್ತೀರ್ಣ ಸುಮಾರು 200 ಚದರ ಸೆಂ.ಮೀ.; ಅದರಲ್ಲಿ 20 ಮಿ.ಲೀ. ನೀರು ಸೇರಿದರೆ ಒಂದು ಮಿ.ಮೀ. ಮಳೆ. ಅಳತೆಗೆ ಔಷಧಿ ಅಂಗಡಿಯ ಸಿರಿಂಜ್ ಅಥವಾ ಗೆರೆಯಿರುವ ಲೋಟ ಸಾಕು. ಕೆಳಗೆ ಎರಡು ಲೀಟರಿನ ಬಾಟಲಿ ಇಟ್ಟರೆ 100 ಮಿ.ಮೀ.ಗೆ ತುಂಬಿ ಚೆಲ್ಲುತ್ತದೆ. ಜುಲೈಯಲ್ಲಿ ಅಷ್ಟು ಸಾಲದು, 5 ಲೀಟರಿನ ಕ್ಯಾನ್ ಇಡಿ, 250ರವರೆಗೆ ಹಿಡಿಯುತ್ತದೆ. ಆಲಿಕೆಯ ಅಂಚು ನೆಲದಿಂದ ಒಂದಡಿ ಮೇಲೆ ಸಮನಾಗಿರಲಿ. ಮರ, ಮನೆಯಿಂದ ಅವುಗಳ ಎತ್ತರದ ಎರಡು ಪಟ್ಟು ದೂರ ಬೇಕು. ತೋಟದೊಳಗೆ ಇಟ್ಟರೆ ಸೋಗೆಯ ನೀರನ್ನು ಅಳೆದಂತಾಗುತ್ತದೆ, ಅಂಗಳದ ನಡುವೆ ಇಡಿ. ಓದುವುದು ದಿನವೂ ಬೆಳಗ್ಗೆ 8.30ಕ್ಕೆ, ಇಲಾಖೆಯ ದಿನ ಶುರುವಾಗುವುದು, ಮುಗಿಯುವುದು ಆ ಹೊತ್ತಿಗೇ.

ರೆಡ್ ಅಲರ್ಟ್ ಎಂದು ಶಾಲೆಗೆ ರಜೆ ಕೊಟ್ಟ ದಿನ ನಮ್ಮಲ್ಲಿ ಬಿಸಿಲು. ರಜೆಯಿಲ್ಲದ ಮರುದಿನ ಜಡಿಮಳೆ. ಏನಿದು?
— ಓದುಗರು, ಹೆಬ್ರಿ

ಮೇಲೆ ಹೇಳಿದ 8.30ರಲ್ಲೇ ಅರ್ಧ ಉತ್ತರವಿದೆ. ಮಂಗಳವಾರದ ಎಚ್ಚರಿಕೆ ಎಂದರೆ ಮಂಗಳವಾರ ಬೆಳಗ್ಗೆ 8.30ರಿಂದ ಬುಧವಾರ ಬೆಳಗ್ಗೆ 8.30ರವರೆಗೆ. ಮಂಗಳವಾರ ಹಗಲು ಬಿಸಿಲಿದ್ದು ಬೆಳಗಿನ ಜಾವ ಸುರಿದರೂ ಎಚ್ಚರಿಕೆ ಸರಿಯೇ.

ಎಚ್ಚರಿಕೆ ಇಡೀ ಜಿಲ್ಲೆಗೆ. ಅದರಲ್ಲಿ 'ಒಂದೆರಡು ಕಡೆ' ಎಂದಿದ್ದರೆ ಜಿಲ್ಲೆಯ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗ ಅಥವಾ ಅದಕ್ಕಿಂತ ಕಡಿಮೆ. ಭಾರೀ ಮಳೆ ಎಂದರೆ 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ., ಅತಿ ಭಾರೀ 115.6ರಿಂದ 204.4, ಅದಕ್ಕೂ ಮೇಲಿನದು ಅತ್ಯಂತ ಭಾರೀ. ಹಳದಿ ಎಂದರೆ ಗಮನಿಸುತ್ತಿರಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಬಣ್ಣ ಆರಿಸುವಾಗ ಮಳೆಯ ಪ್ರಮಾಣದ ಜೊತೆಗೆ ಅದರ ಸಾಧ್ಯತೆ, ಆಗಬಹುದಾದ ಹಾನಿ ಎರಡನ್ನೂ ನೋಡುತ್ತಾರೆ. ರಜೆ ಕೊಡುವುದು ಹವಾಮಾನ ಇಲಾಖೆಯಲ್ಲ, ಜಿಲ್ಲಾಡಳಿತ. ಹೊಳೆ ದಾಟಿ ಬರುವ ಮಕ್ಕಳನ್ನೂ ಅವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಹಲಸಿನ ಹಪ್ಪಳ ಒಣಗಿಸಲು ಯಾವ ದಿನ ಒಳ್ಳೆಯದು ಎಂದು ಮೊದಲೇ ತಿಳಿಯಬಹುದೇ?
— ಓದುಗರು, ಬಂಟ್ವಾಳ

ತಿಳಿಯಬಹುದು. ಮಧ್ಯಾಹ್ನದ ತೇವ 50%ಕ್ಕಿಂತ ಕಡಿಮೆ, ಬೆಳಗ್ಗೆ ಪೂರ್ವದ ಗಾಳಿ ಎಂದಿರುವ ಎರಡು ದಿನ ಒಟ್ಟಿಗೆ ಸಿಕ್ಕಿದರೆ ಹಿಂದಿನ ರಾತ್ರಿ ಸೊಳೆ ಬಿಡಿಸಿಟ್ಟುಕೊಳ್ಳಿ. ಮೂರು ಗಂಟೆಗೆ ಚಾಪೆ ಒಳಗೆ ಬರಲಿ, ಮೋಡ ಕಾಣದಿದ್ದರೂ. ಮಾವಿನ ರಸ ಒಣಗಿಸಿ ಮಾಡುವ ಮಾಂಬಳಕ್ಕೆ ದಿನಕ್ಕೊಂದು ಪದರದಂತೆ ವಾರವಿಡೀ ಬಿಸಿಲು ಬೇಕು. ಸಂಜೆ ಗುಡುಗು ಶುರುವಾದ ಮೇಲೆ ಅದಕ್ಕೆ ಕೈಹಾಕದಿರುವುದೇ ಲೇಸು.

ಈ ವರ್ಷ ಮುಂಗಾರು ಯಾವಾಗ? ಪತ್ತನಾಜೆಗೆ ಮಳೆ ಬರಬೇಕೆಂದು ಹಿರಿಯರು ಹೇಳುತ್ತಾರೆ.
— ಓದುಗರು, ಉಡುಪಿ

ವಾಡಿಕೆಯಂತೆ ಕೇರಳಕ್ಕೆ ಜೂನ್ 1, ನಮ್ಮ ಕರಾವಳಿಗೆ ಜೂನ್ 5ರ ಹೊತ್ತಿಗೆ. ತುಳುವರ ಬೇಸ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಆಸುಪಾಸು ಬರುವ ಪತ್ತನಾಜೆಯ ಮಳೆ ಹೆಚ್ಚಿನ ವರ್ಷ ಮುಂಗಾರುಪೂರ್ವದ್ದೇ. 2025ರಲ್ಲಿ ಮಾತ್ರ ಮುಂಗಾರು ಕೇರಳಕ್ಕೆ ಮೇ 24ರಂದೇ ಬಂತು. ಹಿರಿಯರು ಆ ವರ್ಷ ಗೆದ್ದರು.

ಕೇರಳಕ್ಕೆ ಮುಂಗಾರು ಬಂದಿದೆ ಎಂದು ಘೋಷಿಸಲು ನೋಡುವ 14 ಕೇಂದ್ರಗಳಲ್ಲಿ ಮಂಗಳೂರೂ ಒಂದು. ಮೇ 10ರ ನಂತರ ಇವುಗಳಲ್ಲಿ ಶೇ. 60ರಷ್ಟು ಕಡೆ ಸತತ ಎರಡು ದಿನ 2.5 ಮಿ.ಮೀ. ಅಥವಾ ಹೆಚ್ಚು ಮಳೆಯಾಗಬೇಕು, ಜೊತೆಗೆ ಪಶ್ಚಿಮದ ಗಾಳಿಯ ಆಳ, ವೇಗ ಮತ್ತು ಮೋಡದ ದಟ್ಟಣೆಯ ಷರತ್ತುಗಳೂ ಕೂಡಿಬರಬೇಕು. ಎರಡು–ಮೂರು ವಾರ ಮುಂದಿನ ಒಲವು ಬೇಕಿದ್ದರೆ ಇಲಾಖೆ ಪ್ರತಿ ಗುರುವಾರ ಹೊರಡಿಸುವ ನಾಲ್ಕು ವಾರದ ಮುನ್ನೋಟ ನೋಡಿ.

ಸಿಡಿಲಿನ ದಿನಗಳಲ್ಲಿ ತೋಟದ ಕೆಲಸ ಯಾವಾಗ ನಿಲ್ಲಿಸಬೇಕು?
— ಓದುಗರು, ಕಡಬ

ಗುಡುಗು ಕೇಳಿಸಿದ ಕೂಡಲೇ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿಗೆ ಒಂದು ಕಿ.ಮೀ. ಲೆಕ್ಕ. 30 ಸೆಕೆಂಡ್ ಎಂದರೆ 10 ಕಿ.ಮೀ., ಅಷ್ಟು ದೂರದ ಮೋಡದಿಂದಲೂ ಸಿಡಿಲು ನಿಮ್ಮಲ್ಲಿ ಬೀಳಬಲ್ಲದು, ತಲೆಯ ಮೇಲೆ ಮಳೆ ಇಲ್ಲದಿದ್ದರೂ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ 20 ಮತ್ತು 40 ಕಿ.ಮೀ. ಸುತ್ತಿನ ಸಿಡಿಲನ್ನು ತೋರಿಸುತ್ತದೆ. ತೋಟದಲ್ಲಿ ಸಿಗ್ನಲ್ ಇಲ್ಲದವರು ಮೂರು ಗಂಟೆಗೇ ಮನೆಯಲ್ಲಿ ನೋಡಿ ಹೊರಡಿ.

ಈಗ ಮನೆಮನೆಯಲ್ಲಿರುವ ಕಾರ್ಬನ್ ಫೈಬರ್ ದೋಟಿಯ ಬಗ್ಗೆ ಒತ್ತಿ ಹೇಳಬೇಕು. ಹಗುರ ಎಂದು ಅದನ್ನು ಬಿದಿರಿನಂತೆ ತಿಳಿಯುವವರಿದ್ದಾರೆ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಐವತ್ತು–ಅರುವತ್ತು ಅಡಿಯ ದೋಟಿ ಎತ್ತಿ ನಿಂತವರು ಸಿಡಿಲಿಗೂ ಕರೆಂಟಿನ ತಂತಿಗೂ ಒಂದೇ ಸಮನೆ ಒಡ್ಡಿಕೊಂಡಿರುತ್ತಾರೆ. ಮೊದಲ ಗುಡುಗಿಗೆ ದೋಟಿ ಕೆಳಗಿಳಿಸಿ ಮಲಗಿಸಿ, ಹೆಗಲ ಮೇಲಿಟ್ಟು ನಡೆಯಬೇಡಿ. ಒಂಟಿ ಮರದ ಬುಡ, ತೋಟದ ಶೆಡ್ಡಿನ ಕಬ್ಬಿಣದ ಕಂಬ, ತಂತಿಬೇಲಿ, ಕೆರೆಯ ದಂಡೆ ಬಿಟ್ಟು ಹೆಂಚು ಅಥವಾ ತಾರಸಿಯ ಮನೆಯೊಳಗೆ ಬನ್ನಿ. ಪಂಪಿನ ಸ್ಟಾರ್ಟರಿನ ಮೈನ್ ಸ್ವಿಚ್ಚನ್ನು ಗುಡುಗು ಹತ್ತಿರ ಬರುವ ಮೊದಲೇ ತೆಗೆದಿಡಬೇಕು. ಗುಡುಗುತ್ತಿರುವಾಗ ಅದನ್ನು ತೆಗೆಯಲು ಪಂಪ್ ಶೆಡ್ಡಿಗೆ ಓಡಬೇಡಿ, ಮೋಟಾರು ಹೋದರೆ ಹೋಗಲಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಗಿಳಿಯಬಾರದು. ನಡುವೆ ಮತ್ತೊಂದು ಗುಡುಗಿದರೆ ಲೆಕ್ಕ ಮೊದಲಿನಿಂದ.